ಕಾಫಿ ಕುಡಿದು ಬಂದ ಮೇಲಿನ ವೇಗ

ಈಚೆಗೆ ನನ್ನ ತಂಗಿಯ ಮಗಳು ಕಾವ್ಯ ಕಂಪ್ಯೂಟರ್ ತಯಾರಿಸುವ ಕಂಪನಿಯೊಂದರ ಪರೀಕ್ಷಾ ವಿಭಾಗಕ್ಕೆ ಸೇರಿದಳು. ಸೇರಿದ ವಾರವೇ ನಮ್ಮ ಮನೆಗೆ ಬಂದು, ತಟ್ಟೆಯಲ್ಲಿದ್ದ ಚಕ್ಕುಲಿ ಮುರಿಯುತ್ತಾ, "ದೊಡ್ಡಮ್ಮ, ಡೆಸ್ಕ್‌ಟಾಪ್ ಪ್ರೊಸೆಸರ್ ಜೋರೋ ಲ್ಯಾಪ್‌ಟಾಪ್ ಪ್ರೊಸೆಸರ್ ಜೋರೋ? ಒಂದೇ ಮಾತಲ್ಲಿ ಹೇಳ್ಬಿಡಿ" ಅಂದಳು. ಒಂದೇ ಮಾತಿನಲ್ಲಿ ಹೇಳುವ ಹಾಗಿದ್ದಿದ್ದರೆ ನನಗೆ ಅಷ್ಟು ವರ್ಷ ಸಂಬಳ ಕೊಟ್ಟು ಯಾಕೆ ಇಟ್ಟುಕೊಳ್ಳುತ್ತಿದ್ದರು? ಆವತ್ತು ಅವಳನ್ನು ಗದರಿ ಕಳಿಸಿದೆ. ಆಮೇಲೆ ಪಾಪ ಅನ್ನಿಸಿತು. ಈ ಬರಹ ಅವಳಿಗೆ, ಅವಳ ಹಾಗೆ ಈ ಕೆಲಸಕ್ಕೆ ಈಗ ಕಾಲಿಡುತ್ತಿರುವವರಿಗೆ.

ನಮ್ಮೂರಿನ ಅಂಚಿನ ಹೂಟಗಳ್ಳಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲದಲ್ಲಿ, ಡಿಪ್ಲೊಮಾ ಮುಗಿಸಿಕೊಂಡು ಅಲ್ಲಿನ ಒಂದು ಕಂಪ್ಯೂಟರ್ ಕಾರ್ಖಾನೆಗೆ ಸೇರಿದೆ. ಪರೀಕ್ಷಾ ವಿಭಾಗದಲ್ಲಿ ಸೇರಿ ಪರೀಕ್ಷಾ ವಿಭಾಗದಲ್ಲೇ ನಿವೃತ್ತಳಾದೆ. ನಡುವೆ ಬಡ್ತಿ ಯಾವಾಗ ಬಂತು, ಯಾಕೆ ತಡವಾಯಿತು ಎಂಬುದೆಲ್ಲ ನನ್ನ ನಾದಿನಿಯರಿಗೆ ಮಾತ್ರ ಬೇಕಾದ ಸುದ್ದಿ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಕೆಲಸ ನಡೆಯುತ್ತಿದ್ದದ್ದು ಒಂದು ಉದ್ದನೆಯ ಕೋಣೆಯಲ್ಲಿ. ಜೋಡಿಸಿ ಮುಗಿದ ಡೆಸ್ಕ್‌ಟಾಪ್‌ಗಳನ್ನು ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲಾಗಿ ಕೂರಿಸಿ, ಗಂಟೆಗಟ್ಟಲೆ ಪೂರ್ತಿ ಕೆಲಸ ಕೊಟ್ಟು ದುಡಿಸುತ್ತಿದ್ದೆವು. ಕೆಟ್ಟುಹೋಗುವುದಿದ್ದರೆ ನಮ್ಮ ಕಣ್ಣೆದುರೇ ಕೆಡಲಿ, ಗಿರಾಕಿಯ ಮನೆಗೆ ಹೋಗಿ ಕೆಡದಿರಲಿ ಎಂಬುದು ಇದರ ಉದ್ದೇಶ. ಅಷ್ಟೂ ಯಂತ್ರಗಳ ಬಿಸಿಗಾಳಿ ಕೋಣೆಯಲ್ಲೇ ಸುತ್ತುತ್ತಿತ್ತು. ಚಳಿಗಾಲದಲ್ಲಿ ಬೇರೆ ವಿಭಾಗದವರು ಏನಾದರೂ ನೆಪ ಮಾಡಿಕೊಂಡು ಬಂದು ನಿಲ್ಲುತ್ತಿದ್ದರು, ಬೇಸಿಗೆಯಲ್ಲಿ ಒಬ್ಬರೂ ಇತ್ತ ತಲೆ ಹಾಕುತ್ತಿರಲಿಲ್ಲ. ಕಾಗದದಲ್ಲಿ ಆ ಕೋಣೆಗೆ ಏನೋ ದೊಡ್ಡ ಇಂಗ್ಲಿಷ್ ಹೆಸರಿತ್ತು. ನಾವು 'ಒಲೆ ರೂಮು' ಅನ್ನುತ್ತಿದ್ದೆವು. ಈಗಲೂ ಮಧ್ಯಾಹ್ನ ಮಲಗಿದಾಗ ಪಕ್ಕದ ಮನೆಯ ಕೂಲರ್ ಗುಂಯ್ಗುಡುವುದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡೇ ಒಲೆ ರೂಮಿಗೆ ಹೋಗಿಬಿಡುತ್ತೇನೆ. ಅಲ್ಲಿಂದ ವಾಪಸು ಬರಲು ಮನಸ್ಸೇ ಆಗುವುದಿಲ್ಲ.

ಆ ಕೋಣೆಯ ಯಜಮಾನರು ಚೆಲುವೇಗೌಡರು. ನಮ್ಮ ವಿಭಾಗದ ಮುಖ್ಯಸ್ಥರು. ಊರ ಕಡೆ ಗದ್ದೆ ಇದ್ದ ಮನೆತನ, ಮನೆ ಕುಂಬಾರಕೊಪ್ಪಲಿನಲ್ಲಿ. ಅರ್ಧ ತೋಳಿನ ಬಿಳಿ ಅಂಗಿ, ಅಗಲವಾದ ಅಂಗೈ. ಆ ಅಂಗೈಯೇ ಅವರ ಮೊದಲ ಉಪಕರಣ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಯಂತ್ರದ ಹಿಂಭಾಗಕ್ಕೆ ಅಂಗೈ ಹಿಡಿದು, ಹೊರಗೆ ಬರುವ ಗಾಳಿಯ ಬಿಸಿಯಲ್ಲೇ ಒಳಗಿನ ಪ್ರೊಸೆಸರ್ ಹೇಗಿದೆ ಎಂದು ಅಂದಾಜು ಮಾಡುತ್ತಿದ್ದರು. ಆಮೇಲೆ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದರು. ಅಂದಾಜು ತಪ್ಪಿದ್ದರೆ ಥರ್ಮಾಮೀಟರಿನ ಮೇಲೆ ಒಂದಿಷ್ಟು ಅನುಮಾನ ಪಡುತ್ತಿದ್ದರು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಂತ್ರ ತಣ್ಣಗಿರುವಾಗ ಬಂದ ಫಲಿತಾಂಶವನ್ನು ಅವರು ನೋಡುತ್ತಲೇ ಇರಲಿಲ್ಲ. ಹೊಸದಾಗಿ ಸೇರಿದಾಗ ನಾನು ಮೊದಲ ಅಂಕಿ ಬಂದ ಕೂಡಲೇ ಓಡಿಹೋಗಿ ತೋರಿಸಿದ್ದೆ.

"ಏನಮ್ಮ ರತ್ನ, ಅಷ್ಟೊಂದ್ ಆತ್ರ?" ಅಂದರು. "ಮೊದಲ್ನೇ ಓಟದಲ್ಲಿ ಎಲ್ರೂ ಶೂರ್ರೇ ಕಣಮ್ಮ. ಬಿಸಿಯಾಗ್ಲಿ ಬುಡು. ಕಾಫಿ ಕುಡ್ಕೊಂಡ್ ಬಾ, ಆಮೇಲ್ ನೋಡಾನ."

ಹಾಗಾಗಿ ನಮ್ಮ ವಿಭಾಗದಲ್ಲಿ ಕಾಫಿಗೆ ಹೋಗುವುದು ಮೈಗಳ್ಳತನವಾಗಿರಲಿಲ್ಲ, ಅದು ಪರೀಕ್ಷೆಯ ಒಂದು ಭಾಗವೇ ಆಗಿತ್ತು. ಯಂತ್ರಕ್ಕೆ ಭಾರಿ ಲೆಕ್ಕವೊಂದನ್ನೋ ಉದ್ದನೆಯ ವಿಡಿಯೊ ಒಂದನ್ನೋ ಕೊಟ್ಟು ನಾವು ಕ್ಯಾಂಟೀನಿಗೆ ಹೋಗುತ್ತಿದ್ದೆವು. ವಾಪಸು ಬಂದು ಅದೇ ಕೆಲಸವನ್ನು ಮತ್ತೆ ಕೊಟ್ಟು, ಆಗ ಬಂದ ವೇಗವನ್ನು ಬರೆದುಕೊಳ್ಳುತ್ತಿದ್ದೆವು. ಲೆಕ್ಕಪತ್ರ ವಿಭಾಗದವರಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಕಾವ್ಯ, ನಿಮ್ಮಲ್ಲಿ ಈಗ ಎಂಥೆಂಥ ತಂತ್ರಾಂಶಗಳಿವೆಯೋ ನನಗೆ ಗೊತ್ತಿಲ್ಲ, ಆದರೆ ತಣ್ಣಗಿನ ಯಂತ್ರದ ಅಂಕಿಯನ್ನು ನಂಬಬೇಡ.

ನಮ್ಮ ಜೊತೆಗಿದ್ದವಳು ಮುಬೀನಾ. ಲಷ್ಕರ್ ಮೊಹಲ್ಲಾದವಳು. ನನಗಿಂತ ಬಹಳ ಚಿಕ್ಕವಳು, ಗುತ್ತಿಗೆಯ ಮೇಲೆ ಸೇರಿದ್ದಳು. ತಂದೆ ಇರಲಿಲ್ಲ, ಓದುತ್ತಿದ್ದ ಇಬ್ಬರು ತಂಗಿಯರನ್ನೂ ತಾಯಿಯನ್ನೂ ಅವಳ ಸಂಬಳವೇ ಸಾಕುತ್ತಿತ್ತು. ಬಾಯಿ ಮಾತ್ರ ಜೋರು. ಗೌಡರು ಯಂತ್ರಕ್ಕೆ ಅಂಗೈ ಹಿಡಿದದ್ದು ನೋಡಿ "ಸಾರ್, ನಂಗೂ ಒಂಚೂರ್ ಶಾಸ್ತ್ರ ಹೇಳಿ, ಮದ್ವೆ ಯಾವಾಗ ಆಗ್ತದೆ ಅಂತ" ಎಂದು ಕೇಳುವಷ್ಟು ಸಲಿಗೆ. ಅವರೂ ಬಿಡುತ್ತಿರಲಿಲ್ಲ, "ಮೊದ್ಲು ಆ ನಾಲ್ಕ್ನೇ ಸಾಲಿನ ಮಿಷಿನ್ ಆಫ್ ಮಾಡು, ಆಮೇಲ್ ಹೇಳ್ತೀನಿ" ಅನ್ನುತ್ತಿದ್ದರು.

ಇಂಥ ನೆಮ್ಮದಿಯ ಕೋಣೆಗೆ ಒಂದು ದಿನ ಲ್ಯಾಪ್‌ಟಾಪ್ ಬಂತು. ಪ್ರಧಾನ ಕಚೇರಿಯವರು ಕಳಿಸಿದ್ದರು. ನಮ್ಮಲ್ಲೂ ಜೋಡಿಸಬಹುದೇ, ಡೆಸ್ಕ್‌ಟಾಪ್ ಮಾಡುವ ಕೆಲಸವನ್ನು ಇದು ಮಾಡುತ್ತದೆಯೇ ಹೋಲಿಸಿ ನೋಡಿ ಎಂದಿದ್ದರು. ಎರಡರ ಒಳಗೂ ಒಂದೇ ಮನೆತನದ ಪ್ರೊಸೆಸರ್, ಹೆಸರೂ ಹೆಚ್ಚುಕಡಿಮೆ ಒಂದೇ. ಗೌಡರು ಅದನ್ನು ಕಣ್ಣೆತ್ತಿಯೂ ಸರಿಯಾಗಿ ನೋಡಲಿಲ್ಲ.

"ತೊಡೆ ಮೇಲ್ ಇಟ್ಕೊಳದು ಮಗೀನ ಕಣ್ರೀ, ಮಿಷಿನ್ನಲ್ಲ" ಅಂದುಬಿಟ್ಟರು.

ಮೊದಲ ಹೋಲಿಕೆಯಲ್ಲೇ ನಾವೆಲ್ಲ ಸೇರಿ ಎಡವಟ್ಟು ಮಾಡಿದೆವು. ಪರೀಕ್ಷೆಯ ನಡುವೆ ಕರೆಂಟು ಹೋಯಿತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇತ್ತು, ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇತ್ತು. ಎರಡೂ ನಿಲ್ಲದೆ ಓಡುತ್ತಿವೆಯಲ್ಲ ಎಂದು ನಾವು ಖುಷಿಯಾಗಿ ಪರೀಕ್ಷೆ ಮುಂದುವರಿಸಿದೆವು. ಲ್ಯಾಪ್‌ಟಾಪ್ ಆಮೆಯಂತೆ ತೆವಳಿತು. ಬ್ಯಾಟರಿಯ ಮೇಲೆ ನಡೆಯುವಾಗ ಅದು ಶಕ್ತಿ ಉಳಿಸಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ ಎಂಬುದು ಆಗ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಗೌಡರು ವಾರವಿಡೀ ಕಂಡಕಂಡವರಿಗೆಲ್ಲ ಅದರ ಸೋಲಿನ ಕಥೆ ಹೇಳಿಕೊಂಡು ಓಡಾಡಿದರು. ಆಮೇಲೆ ಯಾರೋ ಚಾರ್ಜರಿನ ವಿಷಯ ನೆನಪಿಸಿದಾಗ ಅವರ ಮುಖ ನೋಡಬೇಕಿತ್ತು. ನಾವು ಕ್ಯಾಂಟೀನಿಗೆ ಹೋಗಿ ನಕ್ಕು ಬಂದೆವು.

ಚಾರ್ಜರ್ ಹಾಕಿ ಮತ್ತೆ ನೋಡಿದಾಗ ಮೊದಲ ಓಟದಲ್ಲಿ ಅದು ಡೆಸ್ಕ್‌ಟಾಪಿನ ಸಮಸಮಕ್ಕೆ ಬಂತು. ಮುಬೀನಾ ಚಪ್ಪಾಳೆ ತಟ್ಟಿದಳು. ಕಾಫಿ ಕುಡಿದು ಬಂದ ಮೇಲೆ ಸ್ವಲ್ಪ ಹಿಂದೆ ಬಿತ್ತು. ಇದರ ಕಾರಣ ಹೊಸಬರಿಗೆ ಗೊತ್ತಿರಬೇಕು. ಒಬ್ಬನೇ ಅಡುಗೆಯವನನ್ನು ಒಂದು ದಿನ ಛತ್ರದ ದೊಡ್ಡ ಅಡುಗೆಮನೆಯಲ್ಲಿ, ಇನ್ನೊಂದು ದಿನ ಬಾಡಿಗೆ ಕೋಣೆಯ ಒಂಟಿ ಸ್ಟವ್ ಮುಂದೆ ನಿಲ್ಲಿಸಿ ನೋಡಿ. ಡೆಸ್ಕ್‌ಟಾಪಿನ ಪ್ರೊಸೆಸರಿಗೆ ಧಾರಾಳವಾದ ವಿದ್ಯುತ್ತು, ದೊಡ್ಡ ಫ್ಯಾನು, ಗಾಳಿಯಾಡಲು ಜಾಗ ಎಲ್ಲ ಇವೆ. ಲ್ಯಾಪ್‌ಟಾಪಿನದಕ್ಕೆ ಅಳೆದು ಕೊಟ್ಟ ವಿದ್ಯುತ್ತು, ಬೆರಳಗಲದ ಕಿಂಡಿ ಅಷ್ಟೇ. ಬಿಸಿ ಏರಿದಂತೆ ಅದು ತಾನು ಸುಟ್ಟುಹೋಗದಿರಲೆಂದು ವೇಗ ಇಳಿಸಿಕೊಳ್ಳುತ್ತದೆ. ಎಷ್ಟು ಇಳಿಸಿಕೊಳ್ಳುತ್ತದೆ ಎಂಬುದೇ ನಿಜವಾದ ಪ್ರಶ್ನೆ, ಒಳಗಿನ ಪ್ರೊಸೆಸರಿನ ಹೆಸರು ಏನು ಎಂಬುದಲ್ಲ.

ಅಷ್ಟರಲ್ಲಿ ಡೆಸ್ಕ್‌ಟಾಪಿನ ಬೇಡಿಕೆ ಇಳಿಯತೊಡಗಿತ್ತು. ದಸರಾ ರಜೆಗೆ ಮುಂಚೆ ಪ್ರಧಾನ ಕಚೇರಿಯ ಮಾತು ನಮ್ಮ ಕಿವಿಗೆ ಬಿತ್ತು. ರಜೆ ಮುಗಿದ ಕೂಡಲೇ ಅಲ್ಲಿಂದ ಒಬ್ಬರು ಅಧಿಕಾರಿ ಬರುತ್ತಾರೆ, ಅವರ ಎದುರಿಗೇ ಕೊನೆಯ ಹೋಲಿಕೆ ನಡೆಯಬೇಕು. ಲ್ಯಾಪ್‌ಟಾಪ್ ನಮ್ಮ ಬಿಸಿ ಕೋಣೆಯಲ್ಲಿ ತಡೆದು ನಿಂತರೆ ಅದರ ಜೋಡಣೆ ನಮಗೆ ಬರುತ್ತದೆ, ಗುತ್ತಿಗೆಯ ಹೆಣ್ಣುಮಕ್ಕಳೆಲ್ಲ ಉಳಿಯುತ್ತಾರೆ. ಆದರೆ ಅದಕ್ಕೆ ಜಾಗ ಬೇಕು, ಒಲೆ ರೂಮಿನ ಚೌಕಟ್ಟುಗಳು ಹೋಗಬೇಕು. ತಡೆಯದಿದ್ದರೆ ಚೌಕಟ್ಟುಗಳು ಉಳಿಯುತ್ತವೆ, ಸಣ್ಣ ಮಟ್ಟದಲ್ಲಿ ಡೆಸ್ಕ್‌ಟಾಪ್ ಕೆಲಸ ನಡೆಯುತ್ತದೆ, ಅದಕ್ಕೆ ಗೌಡರೂ ನಾನೂ ಇನ್ನು ಕೆಲವು ಕಾಯಂ ನೌಕರರೂ ಸಾಕು. ಮುಬೀನಾಳಂಥವರು ಮನೆಗೆ ಹೋಗಬೇಕು.

ಅವಳ ಬಾಯಿ ಆ ವಾರ ಕಟ್ಟಿಹೋಗಿತ್ತು. "ರತ್ನಕ್ಕಾ, ಈ ತೆಳ್ಳಂದು ನಿಲ್ತದಾ?" ಎಂದು ಒಂದು ಸಲ ಕೇಳಿದಳು. ನಿಲ್ಲುತ್ತದೆ ಅಂದೆ. ನನಗೂ ಗೊತ್ತಿರಲಿಲ್ಲ.

ಆಯುಧಪೂಜೆ ನಮ್ಮ ವಿಭಾಗದ ದೊಡ್ಡ ಹಬ್ಬ. ಯಂತ್ರಗಳನ್ನು ಒರೆಸಿ ವಿಭೂತಿ ಹಚ್ಚುವ ಕೆಲಸ ನನ್ನದು, ಬೂದುಗುಂಬಳ ಒಡೆಯುವುದು ಗೌಡರದು. ಹೂವಿನ ಜವಾಬ್ದಾರಿ ಮೊದಲಿನಿಂದ ಮುಬೀನಾಳದು. ಅವಳ ದಾರಿಯಲ್ಲೇ ಹೂವಿನ ಅಂಗಡಿಗಳಿದ್ದವು, ಚೌಕಾಸಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಾನಿಟರುಗಳ ನೆತ್ತಿಯ ಮೇಲೆ ಒಂದೊಂದು ಸೇವಂತಿಗೆ ಹಾರ ಇಳಿಬಿಡುತ್ತಿದ್ದೆವು. ಹಾಕಿದ ಹಾರ ತಾನಾಗಿ ಒಣಗುವವರೆಗೂ ಯಾರೂ ತೆಗೆಯಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ವರ್ಷ ಮುಬೀನಾ ಡೆಸ್ಕ್‌ಟಾಪ್‌ಗಳಿಗೆಲ್ಲ ತೆಳುವಾದ ಹಾರ ತಂದಿದ್ದಳು. ಲ್ಯಾಪ್‌ಟಾಪಿಗೆ ಮಾತ್ರ ಚೆಂಡುಹೂವಿನ ದಪ್ಪನೆಯ ಹಾರ, ಮದುಮಗನಿಗೆ ಹಾಕುವಂಥದ್ದು. ಮುಚ್ಚಳದ ಮೇಲೆ ಇಳಿಬಿಟ್ಟರೆ ಜಾರುತ್ತಿತ್ತು. ಹಾಗಾಗಿ ಕೀಲಿಗಳಿರುವ ಅದರ ಕೆಳಭಾಗದ ಅಂಚಿನ ಸುತ್ತ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಬೇಡಿಕೊಂಡಳು. ನಾನು ಪಕ್ಕದಲ್ಲೇ ನಿಂತು ಅದಕ್ಕೆ ಇನ್ನೊಂದಿಷ್ಟು ವಿಭೂತಿ ಹಚ್ಚಿದೆ.

ರಜೆ ಮುಗಿದ ದಿನ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಆದರೆ ಸಂಜೆಯ ರೈಲು ಹಿಡಿಯುವ ಅವಸರ. ಎರಡೂ ಯಂತ್ರಗಳಿಗೆ ಒಂದೇ ಕೆಲಸ ಕೊಟ್ಟೆವು. ಮೊದಲ ಓಟ ಪರವಾಗಿಲ್ಲ ಅನ್ನುವಂತಿತ್ತು. ಕಾಫಿ ಕುಡಿದು ಬಂದು ನೋಡಿದರೆ ಡೆಸ್ಕ್‌ಟಾಪ್ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು, ಲ್ಯಾಪ್‌ಟಾಪ್ ಕುಸಿದುಹೋಗಿತ್ತು. ಬ್ಯಾಟರಿಯ ಮೇಲೆ ತೆವಳಿದ ದಿನಕ್ಕಿಂತ ಕಡೆಯಾಗಿತ್ತು. ಮುಬೀನಾ ಗೋಡೆಗೆ ಒರಗಿ ನಿಂತುಬಿಟ್ಟಳು.

ಗೌಡರ ಮುಖದಲ್ಲಿ ಒಂದು ಗಳಿಗೆ ಗೆಲುವು ಕಂಡಿತು. ಕಂಡಿಲ್ಲ ಎಂದು ಬರೆದರೆ ಅವರೇ ನನ್ನನ್ನು ಬೈಯುತ್ತಾರೆ. ಅಧಿಕಾರಿ, "ಇಷ್ಟೇ ಅಲ್ವಾ ಗೌಡ್ರೇ, ನೀವ್ ಹೇಳ್ದಂಗೇ ಆಯ್ತು. ಇದು ಇಲ್ಲಿಗೆ ಬೇಡ" ಎಂದು ಚೀಲ ಎತ್ತಿಕೊಂಡರು.

ಗೌಡರು ಅಭ್ಯಾಸಬಲದಿಂದ ಡೆಸ್ಕ್‌ಟಾಪಿನ ಹಿಂದೆ ಅಂಗೈ ಹಿಡಿದರು. ಬಿಸಿಗಾಳಿ ರಪರಪ ಹೊಡೆಯುತ್ತಿತ್ತು. ಹಾಗೆಯೇ ಲ್ಯಾಪ್‌ಟಾಪಿನ ಬದಿಗೂ ಅಂಗೈ ಒಯ್ದರು. ಹಿಡಿದವರು ಹಾಗೇ ನಿಂತರು. ಗಾಳಿಯೇ ಬರುತ್ತಿರಲಿಲ್ಲ. ಒಳಗೆ ಅಷ್ಟು ಬೇಯುತ್ತಿರುವ ಯಂತ್ರದಿಂದ ಹೊರಗೆ ಒಂದಿಷ್ಟೂ ಬಿಸಿ ಇಲ್ಲವೆಂದರೆ ಅದರ ಅರ್ಥ ಒಂದೇ. ಬಗ್ಗಿ ನೋಡಿದರು. ಗಾಳಿ ಹೊರಡುವ ಕಿಂಡಿಯ ಮೇಲೆ ಸರಿಯಾಗಿ ಚೆಂಡುಹೂವಿನ ಗಂಟು ಕೂತಿತ್ತು.

ಅವರು ನೆಟ್ಟಗಾಗಿ ಕೋಣೆಯನ್ನೊಮ್ಮೆ ನೋಡಿದರು. ಅಷ್ಟು ಉದ್ದಕ್ಕೂ ಅವರ ಚೌಕಟ್ಟುಗಳು, ಅವುಗಳ ಮೇಲೆ ತೆಳ್ಳನೆಯ ಹಾರಗಳು. ನಾನು ಅವರನ್ನೇ ನೋಡುತ್ತಿದ್ದೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಧಿಕಾರಿ ಬಾಗಿಲ ಬಳಿ ಹೋಗಿದ್ದರು.

"ಸಾರ್, ವಸಿ ತಡೀರಿ" ಎಂದರು ಗೌಡರು. "ಇನ್ನೊಂದ್ ಕಾಫಿ ಕುಡ್ದು ಹೋಗಿ."

"ಈಗ ತಾನೇ ಆಯ್ತಲ್ಲ?"

"ಇಲ್ಲ ಸಾರ್, ಈ ಪರೀಕ್ಷೆ ಸರಿಯಾಗಿಲ್ಲ. ನಮ್ ಕಡೆ ಪೂಜೆ ವಸಿ ಜೋರಾಗ್ಬುಟ್ಟದೆ. ಇದ್ರ ಉಸ್ರು ಕಟ್ಟೋಗದೆ."

ಹಾರವನ್ನು ಎರಡು ಕೈಯಲ್ಲಿ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಕಿಟಕಿಯ ಮೇಲಿಟ್ಟರು. ವಿಭಾಗದಲ್ಲಿ ಹಸಿ ಹಾರ ತೆಗೆದದ್ದು ಅದೇ ಮೊದಲು. ಕಿಂಡಿಯೊಳಗೆ ಸಿಕ್ಕಿದ್ದ ಎಸಳುಗಳನ್ನು ಊಫ್ ಎಂದು ಊದಿ ತೆಗೆದರು, ಅದರ ಜೊತೆಗೆ ನನ್ನ ವಿಭೂತಿಯೂ ಹಾರಿ ಅವರ ಕಣ್ಣಿಗೇ ಬಿತ್ತು. ಹಾರ ಕಟ್ಟಿದವರು ಯಾರು ಎಂದು ಅಧಿಕಾರಿ ಕೇಳಿದಾಗ, ಕಣ್ಣುಜ್ಜಿಕೊಳ್ಳುತ್ತಲೇ "ಎಲ್ಲಾರೂ ಸೇರ್ ಕಟ್ಟಿದ್ದು ಸಾರ್" ಅಂದರು.

ಎರಡನೇ ಕಾಫಿಯನ್ನು ಎಲ್ಲರೂ ಅರ್ಧಕ್ಕೇ ಬಿಟ್ಟೆವು. ಬಂದು ನೋಡಿದರೆ ಲ್ಯಾಪ್‌ಟಾಪ್ ಡೆಸ್ಕ್‌ಟಾಪಿಗಿಂತ ಸ್ವಲ್ಪ ಹಿಂದೆ ಇತ್ತು, ಆದರೆ ಅಲ್ಲಿಂದ ಕದಲಲಿಲ್ಲ. ಮತ್ತೆ ಕೊಟ್ಟ ಕೆಲಸವನ್ನೂ ಅದೇ ವೇಗದಲ್ಲಿ ಮುಗಿಸಿತು. ಗೌಡರು ಅದರ ಬದಿಗೆ ಅಂಗೈ ಹಿಡಿದು, "ಇಷ್ಟ್ ಚಿಕ್ಕ ಮೈನಾಗೆ ಇಷ್ಟ್ ದುಡೀತದೆ ಅಂದ್ರೆ ಇದ್ನ ಬೇಡ ಅನ್ನಂಗಿಲ್ಲ ಸಾರ್" ಎಂದರು. ವರದಿಯಲ್ಲೂ ಹಾಗೆಯೇ ಬರೆದರು. ಮುಬೀನಾ ಶೌಚಾಲಯಕ್ಕೆ ಓಡಿಹೋಗಿ ಅತ್ತು ಬಂದಳು.

ಲ್ಯಾಪ್‌ಟಾಪ್ ಕೆಲಸ ನಮಗೆ ಬಂತು. ಕೆಲವು ತಿಂಗಳಲ್ಲಿ ಒಲೆ ರೂಮಿನ ಚೌಕಟ್ಟುಗಳನ್ನು ಬಿಚ್ಚಿ ಹೊರಗೆ ಸಾಗಿಸಿದರು. ಆ ಜಾಗಕ್ಕೆ ಉದ್ದನೆಯ ಬಿಳಿ ಮೇಜುಗಳು ಬಂದವು, ಸದ್ದು ಅಡಗಿತು, ಕೋಣೆ ತಣ್ಣಗಾಯಿತು. ಗೌಡರನ್ನು ಗಿರಾಕಿಗಳ ದೂರು ನೋಡುವ ಮೇಜಿಗೆ ಹಾಕಿದರು. ಚೌಕಟ್ಟುಗಳು ಹೋಗುವ ದಿನ ಅವರು ಬಾಗಿಲಲ್ಲಿ ನಿಂತು, ಹೊರುವವರಿಗೆ ಮೂಲೆ ತಗಲದಂತೆ ದಾರಿ ಹೇಳುತ್ತಿದ್ದರು. ನನಗೆ ದುಃಖ ತಡೆಯಲಾಗಲಿಲ್ಲ. "ಜಾಗ ಸಾಲ್ದಲ್ಲಮ್ಮ, ತೆಗೀಲೇಬೇಕಲ್ಲ ಬುಡು" ಎಂದು ನನಗೇ ಸಮಾಧಾನ ಹೇಳಿದರು. ಒಂದು ಹಳೆಯ ಪರೀಕ್ಷಾ ಡೆಸ್ಕ್‌ಟಾಪನ್ನು ಮಾತ್ರ ಗುಜರಿಗೆ ಬಿಡದೆ ಕೇಳಿಕೊಂಡು ಮನೆಗೆ ಒಯ್ದರು.

ದೂರಿನ ಮೇಜಿನಲ್ಲೂ ಅವರು ಅವರೇ. ಲಷ್ಕರ್ ಮೊಹಲ್ಲಾದಿಂದ ಮದುವೆ ವಿಡಿಯೊ ಮಾಡುವ ತರುಣನೊಬ್ಬ ಬಂದು, ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ ನಕಲಿ, ನನ್ನ ಚಿಕ್ಕಪ್ಪನ ಡೆಸ್ಕ್‌ಟಾಪಿನಲ್ಲಿ ಅದೇ ಹೆಸರಿನದು ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಸುತ್ತದೆ ಎಂದು ಕೂಗಾಡಿದ. ಗೌಡರು ನನ್ನನ್ನು ಕರೆದುಕೊಂಡು ಅವನ ಮನೆಯ ಮುಂದಿನ ಕೋಣೆಯಲ್ಲಿದ್ದ ಅಂಗಡಿಗೇ ಹೋದರು. ಹೊಸ ಯಂತ್ರಕ್ಕೆ ಗೌರವ ಕೊಡಬೇಕೆಂದು ಅವನು ಅದನ್ನು ಹತ್ತಿ ತುಂಬಿದ ಮಖಮಲ್ ದಿಂಬಿನ ಮೇಲೆ ಕೂರಿಸಿದ್ದ. ಕೆಳಗಿನ ಕಿಂಡಿಗಳೆಲ್ಲ ದಿಂಬಿನಲ್ಲಿ ಹುದುಗಿದ್ದವು. ಗೌಡರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಒಳಗಿಂದ ಒಂದ್ ಚಪಾತಿ ಮಣೆ ತತ್ತಾರಪ್ಪ" ಅಂದರು. ಮಣೆಯ ಮೇಲಿಟ್ಟು, ಅವನದೇ ಮನೆಯ ಚಹಾ ಕುಡಿದು, ಮತ್ತೆ ವೇಗ ತೋರಿಸಿದರು. ಚಿಕ್ಕಪ್ಪನದನ್ನು ಮೀರಿಸಲಿಲ್ಲ, ಆದರೆ ಅವನ ಕೂಗಾಟ ನಿಂತಿತು. ಮುಂದೆ ತನ್ನ ಮದುವೆಗೆ ನಮ್ಮನ್ನೆಲ್ಲ ಕರೆದ.

ಈಗಿನ ಲ್ಯಾಪ್‌ಟಾಪ್‌ಗಳು ನಮ್ಮ ಒಲೆ ರೂಮಿನ ಯಾವ ಡೆಸ್ಕ್‌ಟಾಪನ್ನಾದರೂ ನಿಂತ ನಿಲುವಿನಲ್ಲಿ ಸೋಲಿಸುತ್ತವೆ. ಆದರೂ ಇಂದಿನ ಡೆಸ್ಕ್‌ಟಾಪಿಗೂ ಇಂದಿನ ಲ್ಯಾಪ್‌ಟಾಪಿಗೂ ನಡುವೆ ಆ ಹಳೆಯ ಅಂತರ ಇದ್ದೇ ಇದೆ. ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರ ನೋಡಿ (ಅದು ಯಾವ ಬಗೆಯ ಯಂತ್ರಕ್ಕೆ ಮಾಡಿದ್ದು ಎಂದು ಆ ಅಕ್ಷರವೇ ಹೇಳುತ್ತದೆ), ಎಷ್ಟು ವಾಟ್ ಕುಡಿಯುತ್ತದೆ ನೋಡಿ, ಚಾರ್ಜರ್ ಹಾಕಿ, ಮೇಜಿನ ಮೇಲಿಟ್ಟು ಪರೀಕ್ಷಿಸಿ. ಊರೂರು ಸುತ್ತುವವರಿಗೆ ಡೆಸ್ಕ್‌ಟಾಪಿನ ಗುಣಗಾನ ಮಾಡಬೇಡಿ, ದಿನವಿಡೀ ಒಂದೇ ಕಡೆ ಕೂತು ಭಾರಿ ಕೆಲಸ ಮಾಡುವವರಿಗೆ ತೆಳ್ಳಗಿನದನ್ನು ಅಂಟಿಸಬೇಡಿ. ಕಾವ್ಯ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ, ಒಂದೇ ಮಾತಿಗಿಂತ ಸ್ವಲ್ಪ ಉದ್ದವಾಯಿತು.

ಗೌಡರಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಮುಬೀನಾಳ ತಂಗಿಯರಿಬ್ಬರೂ ಓದಿ ಮುಗಿಸಿ ತಮ್ಮ ತಮ್ಮ ಸಂಸಾರದಲ್ಲಿದ್ದಾರೆ. ಅವಳು ಈಗಲೂ ಆ ಕಾರ್ಖಾನೆಯಲ್ಲೇ ಇದ್ದಾಳೆ. ಕಳೆದ ವಿಜಯದಶಮಿಯಂದು ನಾವಿಬ್ಬರೂ ದಸರಾ ಜನಜಂಗುಳಿ ತಪ್ಪಿಸಿಕೊಂಡು ಕುಂಬಾರಕೊಪ್ಪಲಿಗೆ ಹೋದೆವು. ಇಲ್ಲಿಯವರೆಗಿನ ಬರಹ ತೋರಿಸಲೆಂದು ನಾನು ಲ್ಯಾಪ್‌ಟಾಪ್ ಹಿಡಿದುಕೊಂಡಿದ್ದೆ. ಮುಬೀನಾಳ ಕೈಯಲ್ಲಿ ಹೂವಿನ ಪೊಟ್ಟಣವಿತ್ತು.

ನಡುಮನೆಯ ಮೂಲೆಯಲ್ಲಿ ಆ ಹಳೆಯ ಡೆಸ್ಕ್‌ಟಾಪ್ ವಿಭೂತಿ ಕುಂಕುಮ ಹಚ್ಚಿಕೊಂಡು ಕೂತಿತ್ತು. ಮುಬೀನಾ ಪೊಟ್ಟಣ ಬಿಚ್ಚಿದಳು. ಅದೇ ಚೆಂಡುಹೂವಿನ ದಪ್ಪನೆಯ ಹಾರ. ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಒಂದೇ ಒಂದು ಬಿಡಿ ಹೂವಿಟ್ಟು, ಹಾರವನ್ನು ಆ ಮುದಿ ಡೆಸ್ಕ್‌ಟಾಪಿನ ಮಾನಿಟರ್ ನೆತ್ತಿಯ ಮೇಲೆ ಇಳಿಬಿಟ್ಟಳು.

"ಆವತ್ತು ಇದಕ್ಕೆ ತೆಳ್ಳಂದು ಹಾಕಿದ್ದೆ ಸಾರ್" ಎಂದಳು. "ಆ ಗಂಟು ಹಾಕಿದ್ದು ನಾನೇ."

"ಗೊತ್ತಿತ್ತು ಬುಡಮ್ಮ" ಎಂದರು ಗೌಡರು. "ನಿನ್ ಬಿಟ್ಟು ಇನ್ಯಾರ್ ಹಾಕಾರು ಅಂತಾ ಗಂಟ. ಬಿಚ್ಚಾಕೆ ಸಾಕಾಗೋಯ್ತು ನಂಗೆ."

ಮುಬೀನಾ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಕೋಲೂರಿ ಎದ್ದು ಸ್ವಿಚ್ ಒತ್ತಿದರು. ಹೊತ್ತಲಾರದೇನೋ ಅಂದುಕೊಂಡೆ. ಒಂದು ಕ್ಷಣ ಗೊರಗೊರ ಎಂದು, ಆಮೇಲೆ ಒಲೆ ರೂಮಿನ ಅದೇ ದನಿಯಲ್ಲಿ ಗುಂಯ್ಗುಡತೊಡಗಿತು. ನಾನು ಹತ್ತಿರ ಹೋಗಿ ಕೈ ಚಾಚಿದೆ.

"ಆತ್ರ ಬೇಡ ರತ್ನ" ಅಂದರು. "ಮೊದ್ಲು ಕಾಫಿ."

ಮೂವರೂ ಕೂತು ಕಾಫಿ ಕುಡಿದೆವು. ಕುಡಿಯುತ್ತಾ ಆ ಸದ್ದನ್ನು ಕೇಳುತ್ತಿದ್ದೆವು. ಲೋಟ ಕೆಳಗಿಟ್ಟು ಗೌಡರು ಮೆಲ್ಲಗೆ ಎದ್ದುಹೋಗಿ, ಅಂಗೈಯನ್ನು ಅದರ ಹಿಂದೆ ಹಿಡಿದರು.

"ಬತ್ತಾ ಅದೆ" ಎಂದರು. "ಬನ್ನಿ, ನೀವೂ ಕೈ ಇಡಿ."

ನಾವಿಬ್ಬರೂ ಹೋಗಿ ಅವರ ಅಂಗೈಯ ಪಕ್ಕ ನಮ್ಮ ಅಂಗೈ ಹಿಡಿದೆವು. ಬೆಚ್ಚಗಿತ್ತು.